ಆಟೋಮ್ಯಾಟಿಕ್ ಮಸ್ಟಾಂಗ್‌ಗೆ ಯಾವ ಫ್ಲೆಕ್ಸ್‌ಪ್ಲೇಟ್ ಬಾಳಿಕೆ ಬರುತ್ತದೆ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಜೆ.ಪಿ. ನಗರದಿಂದ:

ನನ್ನದು 2017ರ ಫೋರ್ಡ್ ಮಸ್ಟಾಂಗ್ ಜಿಟಿ. 5.0 ಲೀಟರ್ ವಿ8, ಆರು ಗೇರ್‌ನ ಆಟೋಮ್ಯಾಟಿಕ್. ಸೂಪರ್‌ಚಾರ್ಜರ್ ಹಾಕಿಸಿದ್ದೇನೆ. ಕಳೆದ ವರ್ಷ ಎಣ್ಣೆ ಸೋರುತ್ತಿದೆ ಅಂತ ಗೇರ್‌ಬಾಕ್ಸ್ ಒಮ್ಮೆ ಇಳಿಸಿ ಸೀಲ್ ಬದಲಾಯಿಸಿದ್ದರು. ಈಗ ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಹಿಂದುಗಡೆಯಿಂದ ಟಕಟಕ ಸದ್ದು ಬರುತ್ತದೆ. ನ್ಯೂಟ್ರಲ್‌ನಿಂದ ಡ್ರೈವ್‌ಗೆ ಹಾಕಿದರೆ ಸದ್ದು ಬದಲಾಗುತ್ತದೆ. ಒಬ್ಬ ಮೆಕ್ಯಾನಿಕ್ ಎಂಜಿನ್ ಒಳಗಿನ ರಾಡ್ ಬೇರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು ಅಂದರು. ಇನ್ನೊಬ್ಬರು ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಉಕ್ಕಿನ ತಟ್ಟೆ, ಅಂದರೆ ಫ್ಲೆಕ್ಸ್‌ಪ್ಲೇಟ್ ಬಿರುಕು ಬಿಟ್ಟಿದೆ ಅಂತಾರೆ. ಪ್ಲೇಟೇ ಆದರೆ ತುಂಬಾ ದಪ್ಪ ಇರುವ ಬಿಲೆಟ್ (ಒಂದೇ ಗಟ್ಟಿ ಉಕ್ಕಿನಿಂದ ಕೊರೆದ) ಪ್ಲೇಟ್ ತರಿಸಿಬಿಡಲಾ? ಅಥವಾ ಪೀಣ್ಯದಲ್ಲೇ ಮಾಡಿಸಬಹುದಾ? ಊರೊಳಗಿನ ಓಡಾಟವೇ ಜಾಸ್ತಿ. ಆಗೊಮ್ಮೆ ಈಗೊಮ್ಮೆ ಶ್ರೀಪೆರುಂಬುದೂರು ಹತ್ತಿರದ ಟ್ರ್ಯಾಕ್‌ಗೆ ಹೋಗುತ್ತೇನೆ.

ರಾಜಾಜಿನಗರದಿಂದ, ಗೇರ್‌ಬಾಕ್ಸ್ ಕೆಲಸ ಮಾಡುವವನು:

ಸರ್, ಆರ್ಡರ್ ಮಾಡುವ ಮುಂಚೆ ಸದ್ದು ಎಲ್ಲಿಂದ ಅಂತ ಖಾತ್ರಿ ಮಾಡಿಕೊಳ್ಳಿ. ಬಿರುಕು ಬಿಟ್ಟ ಫ್ಲೆಕ್ಸ್‌ಪ್ಲೇಟ್ ಥೇಟ್ ರಾಡ್ ಬೇರಿಂಗ್ ಥರಾನೇ ಬಡಿಯುತ್ತದೆ. ಆ ಸದ್ದು ಕೇಳಿ ಸುಮ್ನೆ ಒಳ್ಳೇ ಎಂಜಿನ್ ಬಿಚ್ಚಿಸಿದವರು ಬೇಕಾದಷ್ಟು ಜನ ಇದ್ದಾರೆ. ಆಯಿಲ್ ಪ್ರೆಷರ್ ಸರಿ ಇದೆಯಾ ನೋಡಿ. ಆಯಿಲ್ ಫಿಲ್ಟರ್ ಕತ್ತರಿಸಿ ಒಳಗೆ ಲೋಹದ ಪುಡಿ ಇದೆಯಾ ನೋಡಿ. ಎರಡೂ ಸರಿ ಇದ್ದು, ಗೇರ್ ಹಾಕಿದಾಗ ಸದ್ದು ಬದಲಾಗುತ್ತಿದ್ದರೆ ಮೊದಲ ಅನುಮಾನ ಪ್ಲೇಟ್ ಮೇಲೆ.

ಹಳೇ ಮೆಕ್ಯಾನಿಕ್‌ಗಳ ಇನ್ನೊಂದು ಪರೀಕ್ಷೆ ಇದೆ. ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರನ್ನು ಪ್ಲೇಟ್‌ಗೆ ಹಿಡಿದಿರುವ ಬೋಲ್ಟ್‌ಗಳನ್ನು ಬಿಚ್ಚಿ, ಕನ್ವರ್ಟರನ್ನು ಗೇರ್‌ಬಾಕ್ಸ್ ಕಡೆಗೆ ತಳ್ಳಿ, ಎಂಜಿನ್ ಕೆಲವೇ ಸೆಕೆಂಡ್ ಸ್ಟಾರ್ಟ್ ಮಾಡುವುದು. ಸದ್ದು ನಿಂತರೆ ತೊಂದರೆ ಎಂಜಿನ್ ಒಳಗಿಲ್ಲ. ನಿಲ್ಲದಿದ್ದರೂ ಎಂಜಿನ್ನೇ ಹೋಗಿದೆ ಅನ್ನಲಾಗದು. ಎಂಜಿನ್‌ನ ತಿರುಗುವ ಶಾಫ್ಟ್, ಅಂದರೆ ಕ್ರ್ಯಾಂಕ್‌ಗೆ ಹಿಡಿದಿರುವ ಬೋಲ್ಟ್‌ಗಳ ಸುತ್ತ ಪ್ಲೇಟ್ ಸೀಳಿದ್ದರೆ ಕನ್ವರ್ಟರ್ ಬಿಟ್ಟ ಮೇಲೂ ಅದು ಬಡಿಯಬಹುದು. ಆಗ ಬೋರ್‌ಸ್ಕೋಪ್ ಕ್ಯಾಮೆರಾ ತೂರಿಸಿ ನೋಡಿ. ಆ ಬೋಲ್ಟ್‌ಗಳ ಸುತ್ತ ಇಟ್ಟಿಗೆ ಬಣ್ಣದ ಪುಡಿ ಕಂಡರೆ ಅಲ್ಲಿ ಉಕ್ಕಿಗೆ ಉಕ್ಕು ಉಜ್ಜುತ್ತಿದೆ ಅಂತ ಅರ್ಥ.

ಈಗ ದಪ್ಪದ ವಿಷಯ. ಮ್ಯಾನುಯಲ್ ಗಾಡಿಯಲ್ಲಿ ಫ್ಲೈವೀಲ್ ಇರುವ ಜಾಗದಲ್ಲಿ ಆಟೋಮ್ಯಾಟಿಕ್‌ಗೆ ಈ ತೆಳು ಉಕ್ಕಿನ ತಟ್ಟೆ ಇರುತ್ತದೆ. ನಡುವೆ ಕ್ರ್ಯಾಂಕ್‌ಗೆ ಬೋಲ್ಟ್, ಹೊರಗಡೆ ಟಾರ್ಕ್ ಕನ್ವರ್ಟರ್‌ಗೆ ಬೋಲ್ಟ್, ಅಂಚಿನಲ್ಲಿ ಸ್ಟಾರ್ಟರ್ ಕಚ್ಚುವ ಹಲ್ಲು. ಕಂಪನಿಯವರು ಜಿಪುಣತನಕ್ಕೆ ಇದನ್ನು ತೆಳ್ಳಗೆ ಮಾಡಿಲ್ಲ. ಆರ್‌ಪಿಎಂ ಏರಿ ಒಳಗಿನ ಎಣ್ಣೆಯ ಒತ್ತಡ ಜಾಸ್ತಿಯಾದಾಗ ಕನ್ವರ್ಟರ್ ಚೂರು ಉಬ್ಬುತ್ತದೆ. ಆ ತಳ್ಳಾಟವನ್ನು ತಟ್ಟೆ ಬಾಗಿ ತಡೆದುಕೊಳ್ಳಬೇಕು. ಬಾಗದಷ್ಟು ಬಿಗಿ ಇದ್ದರೆ ಪೂರ್ತಿ ಹೊಡೆತ ಒಂದು ಕಡೆ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗ್‌ಗೆ, ಇನ್ನೊಂದು ಕಡೆ ಗೇರ್‌ಬಾಕ್ಸಿನ ಎಣ್ಣೆ ಪಂಪ್‌ಗೆ ಬೀಳುತ್ತದೆ. ಪ್ಲೇಟ್ ಉಳಿಸಲು ಹೋಗಿ ಕ್ರ್ಯಾಂಕ್ ಕಳೆದುಕೊಳ್ಳುವುದು ಯಾವ ಲೆಕ್ಕ?

ನನ್ನ ಪ್ರಕಾರ ಶಕ್ತಿ ಜಾಸ್ತಿಯಾಯಿತು ಅಂತಲೇ ಪ್ಲೇಟ್ ಹೋಗುವುದು ಕಡಿಮೆ. ಗೇರ್‌ಬಾಕ್ಸ್ ಮತ್ತು ಎಂಜಿನ್ ನೇರಕ್ಕೆ ಕೂತಿಲ್ಲದಿದ್ದರೆ ಪ್ರತಿ ಸುತ್ತಿಗೂ ತಟ್ಟೆ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಬಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ತುಂಡಾಗುತ್ತದಲ್ಲ, ಹಾಗೆ. ಎಂಜಿನ್ ಬ್ಲಾಕ್‌ನ ಹಿಂಬದಿಯಲ್ಲಿ ಎರಡು ಡೋವೆಲ್ ಪಿನ್ ಇರುತ್ತವೆ. ಗೇರ್‌ಬಾಕ್ಸನ್ನು ನೇರವಾಗಿ ಕೂರಿಸುವುದು ಅವು. ಬೋಲ್ಟ್‌ಗಳ ಕೆಲಸ ಹಿಡಿದಿಡುವುದು ಅಷ್ಟೇ. ಗೇರ್‌ಬಾಕ್ಸ್ ಇಳಿಸಿ ಹತ್ತಿಸುವಾಗ ಒಂದು ಡೋವೆಲ್ ಕಳೆದುಹೋದರೂ ಗಾಡಿ ಓಡುತ್ತದೆ. ಆಮೇಲೆ ನಿಧಾನಕ್ಕೆ ಪ್ಲೇಟ್ ಸೀಳುತ್ತದೆ. ನಿಮ್ಮದು ಕಳೆದ ವರ್ಷ ಇಳಿಸಿದ್ದರು ಅಂದಿರಲ್ಲ, ನಾನು ಮೊದಲು ನೋಡುವುದೇ ಅದನ್ನು.

ಪೀಣ್ಯದಿಂದ, ಸಿಎನ್‌ಸಿ ಮಷಿನ್ ಶಾಪ್:

ಮಾಡಿಸಬಹುದಾ ಅಂದರೆ ಮಾಡಿಸಬಹುದು. ಅಮೆರಿಕದವರು 4340 ಅನ್ನುವ ಉಕ್ಕು ನಮ್ಮಲ್ಲಿ ಇಎನ್24 ಹೆಸರಲ್ಲಿ ಸಿಗುತ್ತದೆ, ಸುಮಾರು ಅದೇ ಜಾತಿ. ಶಾಫ್ಟ್, ಗೇರ್ ಅಂತ ನಾವು ದಿನಾ ಕೊರೆಯುವ ಮಾಲು. ಹಳೇ ಪ್ಲೇಟ್ ಕೊಟ್ಟರೆ ಅಳತೆ ತೆಗೆದು ತೂತು ಹೊಡೆದು ಕೊಡಲು ಇಲ್ಲಿ ಬೇಕಾದಷ್ಟು ಜನ ಇದ್ದಾರೆ.

ಆದರೆ ನಾನು ಆ ಆರ್ಡರ್ ತಗೊಳ್ಳೋದಿಲ್ಲ. ಹೀಟ್ ಟ್ರೀಟ್‌ಮೆಂಟ್ ಸರಿಯಾಗಿ ಆಗದಿದ್ದರೆ ಒಂದೋ ಮೆತ್ತಗೆ ಉಳಿಯುತ್ತದೆ, ಇಲ್ಲವೇ ಗಾಜಿನ ಥರ ಒಡೆಯುತ್ತದೆ. ಹಲ್ಲಿನ ರಿಂಗ್ ಬೇರೆ ಗಟ್ಟಿ ಮಾಡಬೇಕು. ಬ್ಯಾಲೆನ್ಸ್ ಬೇರೆ ಮಾಡಬೇಕು. ಇಷ್ಟೆಲ್ಲ ಆದ ಮೇಲೂ ಅದನ್ನು ಆ ವೇಗಕ್ಕೆ ತಿರುಗಿಸಿ ಪರೀಕ್ಷೆ ಮಾಡಿದವರು ಯಾರೂ ಇರುವುದಿಲ್ಲ. 7,000 ಆರ್‌ಪಿಎಂನಲ್ಲಿ ಚೂರಾದರೆ ಅದು ಇರುವುದು ನಿಮ್ಮ ಕಾಲಿನ ಹತ್ತಿರ, ನೆನಪಿರಲಿ. ಹಳೇ ಪ್ಲೇಟ್‌ಗೆ ಟಿಗ್ ವೆಲ್ಡಿಂಗ್ ಮಾಡಿಸಿ ಅಂತ ಹೇಳುವವರೂ ಸಿಗುತ್ತಾರೆ. ಬೇಡ. ವೆಲ್ಡ್ ಪಕ್ಕದಲ್ಲೇ ಮತ್ತೆ ಸೀಳುತ್ತದೆ.

ಇಂದಿರಾನಗರದಿಂದ:

ನನ್ನದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಡಿಎಸ್‌ಜಿ ಅನ್ನುವ ಎರಡು ಕ್ಲಚ್‌ನ ಆಟೋಮ್ಯಾಟಿಕ್. ನನ್ನಂಥವರು ಇದನ್ನು ಓದಿ ಫ್ಲೆಕ್ಸ್‌ಪ್ಲೇಟ್ ಹುಡುಕಲು ಹೊರಡಬೇಡಿ. ಡಿಎಸ್‌ಜಿಯಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ, ಇರುವುದು ನಡುವೆ ಸ್ಪ್ರಿಂಗ್ ಇರುವ ಎರಡು ತುಂಡಿನ ಡ್ಯುಯಲ್ ಮಾಸ್ ಫ್ಲೈವೀಲ್. ಐಡಲ್‌ನಲ್ಲಿ ಗಡಗಡ ಅಂದರೆ ಅನುಮಾನ ಪಡಬೇಕಾದ್ದು ಅದರ ಮೇಲೆ. ಝಡ್‌ಎಫ್ ಕಂಪನಿಯ ಎಂಟು ಗೇರ್‌ನ ಆಟೋಮ್ಯಾಟಿಕ್ ಇರುವ ಬಿಎಂಡಬ್ಲ್ಯೂದವರಿಗಾದರೆ ಮೇಲಿನ ಮಾತು ಅನ್ವಯ, ಅದರಲ್ಲಿ ಕನ್ವರ್ಟರ್ ಇದೆ.

ಮಲ್ಲೇಶ್ವರದಿಂದ, ಹಳೇ ಶೆವರ್ಲೆ ಇಟ್ಟುಕೊಂಡವರು:

ಗಟ್ಟಿ ಇದ್ದರೆ ಸಾಲದು, ಜೋಡಿ ಆಗಬೇಕು. ಶೆವರ್ಲೆ ಸ್ಮಾಲ್ ಬ್ಲಾಕ್‌ಗೆ 153 ಹಲ್ಲಿನದೂ ಇದೆ, 168 ಹಲ್ಲಿನದೂ ಇದೆ. ಒಂದರ ಸ್ಟಾರ್ಟರ್ ಇನ್ನೊಂದಕ್ಕೆ ಕೂರುವುದಿಲ್ಲ. 1986ರಿಂದ ಕ್ರ್ಯಾಂಕಿನ ಹಿಂಬದಿಯ ಎಣ್ಣೆ ಸೀಲ್ ಒಂದೇ ತುಂಡಿನದಾಯಿತು. ಅಲ್ಲಿಂದ ಮುಂದಿನ ಎಂಜಿನ್‌ಗೆ ಸಮತೋಲಕ್ಕಾಗಿ ತೂಕ ಅಂಟಿಸಿದ ಪ್ಲೇಟೇ ಬೇಕು. 400 ಕ್ಯೂಬಿಕ್ ಇಂಚಿನದರ ಕಥೆ ಮತ್ತೆ ಬೇರೆ. ಫೋರ್ಡ್‌ನ ಹಳೇ 302 ಎಂಜಿನ್‌ನಲ್ಲೂ ಇದೇ ಗೋಳು, ಮೊದಲಿನವಕ್ಕೆ 28 ಔನ್ಸ್, ಆಮೇಲಿನವಕ್ಕೆ 50 ಔನ್ಸ್ ಅಂತ ಗುರುತಿಸುವ ಅಸಮತೋಲದ ಪ್ಲೇಟ್ ಬೇಕು. ತಪ್ಪಿ ಹಾಕಿದರೆ ಇಡೀ ಗಾಡಿ ನಡುಗುತ್ತದೆ. ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ‘ಇದೇ ಸಾರ್, ಕೂರುತ್ತೆ’ ಅಂತ ಕೈಗಿಟ್ಟರೆ ಅಲ್ಲೇ ನಿಂತು ಹಲ್ಲು ಎಣಿಸಿ. ನಾಚಿಕೆ ಬೇಡ.

ಜೆ.ಪಿ. ನಗರದಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಫಿಲ್ಟರ್ ಕತ್ತರಿಸಿದೆವು, ಶುದ್ಧ ಇದೆ. ಕ್ಯಾಮೆರಾದಲ್ಲಿ ಕೆಂಪು ಪುಡಿ ಸ್ಪಷ್ಟವಾಗಿ ಕಂಡಿತು. ಗೇರ್‌ಬಾಕ್ಸ್ ಇಳಿಸಿದರೆ ಕ್ರ್ಯಾಂಕ್ ಬೋಲ್ಟ್‌ಗಳ ಸುತ್ತ ಅರ್ಧ ಸುತ್ತು ಬಿರುಕು. ಡೋವೆಲ್ ಒಂದೇ ಇದೆ, ಇನ್ನೊಂದರ ಜಾಗ ಖಾಲಿ. ಈಗ ಏನೇನು ತರಿಸಲಿ?

ರಾಜಾಜಿನಗರದಿಂದ:

ನಿಮ್ಮ 5.0 ಎಂಜಿನ್‌ಗೆ 164 ಹಲ್ಲು, ಎಂಟು ಕ್ರ್ಯಾಂಕ್ ಬೋಲ್ಟ್, ತೂಕ ಅಂಟಿಸದ ನ್ಯೂಟ್ರಲ್ ಬ್ಯಾಲೆನ್ಸ್ ಪ್ಲೇಟ್. ಗೇರ್‌ಬಾಕ್ಸ್ 6ಆರ್80 ಅಂತ ಬರೆದೇ ಕೇಳಿ, ಕನ್ವರ್ಟರ್ ಬೋಲ್ಟ್‌ಗಳ ಅಂತರ ಹೊಂದಬೇಕು. ರೇಸ್ ಬಿಡಿಭಾಗಗಳ ಸುರಕ್ಷತಾ ಮಾನದಂಡವಾದ ಎಸ್‌ಎಫ್‌ಐ 29.1 ಗುರುತು ಇರಲಿ. ಅಮೆರಿಕದ ಡ್ರ್ಯಾಗ್ ರೇಸ್‌ನಲ್ಲಿ ಕಾಲು ಮೈಲಿಯನ್ನು ಹತ್ತು ಸೆಕೆಂಡ್‌ಗಿಂತ ಬೇಗ ಮುಗಿಸುವ ಗಾಡಿಗಳ ವಿಷಯದಲ್ಲಿ ಕೇಳಿಬರುವ ಅಂಕಿ ಅದು. ಊರೊಳಗೆ ಓಡಿಸಲು ಕಾನೂನೇನೂ ಅದನ್ನು ಕೇಳುವುದಿಲ್ಲ. ಆದರೂ ಸೂಪರ್‌ಚಾರ್ಜರ್ ಇರುವುದರಿಂದ ಬೇಕು ಅಂತ ನನ್ನ ಅಭಿಪ್ರಾಯ. ಆ ಗುರುತಿನಲ್ಲೇ ಸಾಧಾರಣ ದಪ್ಪದ ಕ್ರೋಮ್‌ಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು) ಪ್ಲೇಟ್, ಹಲ್ಲಿನ ರಿಂಗನ್ನು ಎರಡೂ ಬದಿ ವೆಲ್ಡ್ ಮಾಡಿದ್ದು ಸಿಕ್ಕರೆ ನಿಮಗೆ ಧಾರಾಳ. ದಪ್ಪ ಬಿಲೆಟ್ ಬರೀ ಡ್ರ್ಯಾಗ್ ಓಡಿಸುವವರಿಗೆ ಬಿಡಿ.

ಹೊರಗಿನಿಂದ ತರಿಸಿದರೆ ಕೊರಿಯರ್, ಕಸ್ಟಮ್ಸ್ ಸುಂಕ, ಐಜಿಎಸ್‌ಟಿ ಎಲ್ಲ ಸೇರುತ್ತದೆ. ಹಾಗಾಗಿ ಒಂದೇ ಪೆಟ್ಟಿಗೆಯಲ್ಲಿ ಡೋವೆಲ್ ಎರಡೂ, ಹೊಸ ಕ್ರ್ಯಾಂಕ್ ಬೋಲ್ಟ್, ಕನ್ವರ್ಟರ್ ಬೋಲ್ಟ್, ಪಂಪ್ ಮುಂದಿನ ಸೀಲ್ ತರಿಸಿಬಿಡಿ. ಫೋರ್ಡ್ 2021ರಲ್ಲಿ ಇಲ್ಲಿ ಗಾಡಿ ತಯಾರಿಸುವುದನ್ನು ನಿಲ್ಲಿಸುತ್ತೇವೆ ಅಂದ ಮೇಲೆ ಸಣ್ಣ ಬೋಲ್ಟ್‌ಗೂ ಕಾಯಬೇಕಾಗಿದೆ.

ಹೊಸ ಪ್ಲೇಟ್ ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ಕೈಯಲ್ಲಿ ಎಂಜಿನ್ ತಿರುಗಿಸಿ, ಪ್ಲೇಟ್ ಓಲಾಡುತ್ತದಾ ನೋಡಲಿ. ಕನ್ವರ್ಟರನ್ನು ಪಂಪ್ ಒಳಗೆ ಪೂರ್ತಿ ಕೂರಿಸಿಯೇ ಗೇರ್‌ಬಾಕ್ಸ್ ಎತ್ತಬೇಕು. ಗೇರ್‌ಬಾಕ್ಸನ್ನು ಎಂಜಿನ್‌ಗೆ ಬಿಗಿ ಮಾಡಿದ ಮೇಲೂ ಪ್ಲೇಟ್ ಮತ್ತು ಕನ್ವರ್ಟರ್ ನಡುವೆ ಸ್ವಲ್ಪ ಸಂದು ಉಳಿಯಬೇಕು. ಹಳೇ ಜಿಎಂ ಗೇರ್‌ಬಾಕ್ಸ್‌ಗಳಿಗೆ ಅದು 3ರಿಂದ 5 ಮಿಲಿಮೀಟರ್. ನಿಮ್ಮದಕ್ಕೆ ಕನ್ವರ್ಟರ್ ಮಾಡಿದವರು ಕೊಟ್ಟ ಅಳತೆ ನೋಡಿಕೊಳ್ಳಿ. ಆ ಹಂತದಲ್ಲಿ ಕನ್ವರ್ಟರ್ ಕೈಯಲ್ಲೇ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಸ್ಪ್ಯಾನರ್ ಕೆಳಗಿಡಿ, ಬೋಲ್ಟ್ ಹಾಕಿ ಎಳೆದು ಕೂರಿಸಲು ಮಾತ್ರ ಯಾರನ್ನೂ ಬಿಡಬೇಡಿ. ಪಂಪ್ ಒಡೆಯುವುದೇ ಅಲ್ಲಿ.