ಮೆಕ್ಕೆಜೋಳದ ಸೀಸನ್‌ಗೆ 15 ದಿನ, ಟೆಸ್ಟರ್ ಒಬ್ಬರೇ: ಯಾವುದನ್ನು ಪರೀಕ್ಷಿಸಬೇಕು, ಯಾವುದನ್ನು ಬಿಡಬಹುದು?

ದಾವಣಗೆರೆ_ಡೆವ್:
ನಮ್ಮದು ದಾವಣಗೆರೆಯಲ್ಲಿ ನಾಲ್ಕು ಜನರ ತಂಡ. ಎಪಿಎಂಸಿಯ ಮೆಕ್ಕೆಜೋಳ ವರ್ತಕರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದೇವೆ. ಎಲೆಕ್ಟ್ರಾನಿಕ್ ಕಾಟಾದಿಂದ ತೂಕ ನೇರವಾಗಿ ಬರುತ್ತದೆ, ತೇವಾಂಶವನ್ನು ಗುಮಾಸ್ತರು ಟೈಪ್ ಮಾಡುತ್ತಾರೆ, ಚೀಲದ ತೂಕ, ಹಮಾಲಿ ಕಳೆದು ರೈತರಿಗೆ ಪಟ್ಟಿ (ಬಿಲ್) ಪ್ರಿಂಟ್ ಆಗುತ್ತದೆ. ನೆಟ್ ಇಲ್ಲದಿದ್ದರೂ ಕೆಲಸ ನಡೆಯಬೇಕು, ಬಂದಾಗ ಸಿಂಕ್ ಆಗಬೇಕು (ಅಂಗಡಿಯ ಪಟ್ಟಿಗಳು ಸರ್ವರ್‌ಗೆ ಸೇರಬೇಕು). ಅಕ್ಟೋಬರ್ ಆವಕಕ್ಕೆ 15 ದಿನ ಉಳಿದಿದೆ. 240 ಟೆಸ್ಟ್ ಕೇಸ್ (ಒಂದೊಂದಾಗಿ ನಡೆಸುವ ಪರೀಕ್ಷೆಗಳು) ಇವೆ, ಒಂದು ಸುತ್ತಿಗೇ 9 ದಿನ ಬೇಕು. ಸರಿಪಡಿಸಿ ಮತ್ತೆ ಓಡಿಸಲು ಸಮಯ ಸಾಲುವುದಿಲ್ಲ. ಗ್ರಾಹಕರು ‘ಒಂದೂ ಬಗ್ ಇರಬಾರದು’ ಅನ್ನುತ್ತಾರೆ. ಎಲ್ಲಿಂದ ಶುರು ಮಾಡೋದು?

ದುರ್ಗದ_ಟೆಸ್ಟರ್:
ಸರ್, ಸ್ಕ್ರೀನ್ ಲೆಕ್ಕದಲ್ಲಿ ಸಮಯ ಹಂಚಬೇಡಿ. 240 ಕೇಸ್‌ಗಳನ್ನು ಪಕ್ಕಕ್ಕಿಟ್ಟು, ಮೊದಲು ಏನೇನು ಕೆಡಬಹುದು ಅಂತ ಬರೆಯಿರಿ. ಪ್ರತಿಯೊಂದಕ್ಕೂ ಎರಡು ಅಂಕ: ಕೆಡುವ ಸಾಧ್ಯತೆ 1ರಿಂದ 5, ಕೆಟ್ಟರೆ ಆಗುವ ನಷ್ಟ 1ರಿಂದ 5. ಗುಣಿಸಿ. ಕಾಟಾದ ಹಳೇ ತೂಕ ಹೊಸ ಪಟ್ಟಿಗೆ ಸೇರುವುದು 4×5, ಅಂದರೆ 20. ವರದಿಯ ಶೀರ್ಷಿಕೆ ಓರೆಯಾಗುವುದು 2×1.

ನಷ್ಟಕ್ಕೆ ಅಂಕ ಕೊಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಆಮೇಲೆ ಸರಿಪಡಿಸಬಹುದೇ? ರೈತರು ದುಡ್ಡು ತಗೊಂಡು ಊರಿಗೆ ಹೋದ ಮೇಲೆ ತಪ್ಪು ಪಟ್ಟಿ ತಿದ್ದಲಾಗದು, ಅದಕ್ಕೆ 5. ಸಾಧ್ಯತೆಯನ್ನು ಊಹಿಸಬೇಡಿ, ಹಿಂದಿನ ಬಗ್ ದಾಖಲೆ ತೆಗೆದು ನೋಡಿ. ಹೆಚ್ಚಿನ ದೋಷಗಳು ಕೆಲವೇ ಭಾಗಗಳಲ್ಲಿ ಗುಂಪಾಗಿರುತ್ತವೆ. ಕಳೆದ ವಾರ ಬದಲಾದ ಕೋಡ್, ಹೊರಗಿನ ಯಂತ್ರದ ಜೊತೆ ಮಾತಾಡುವ ಕೋಡ್, ಇವೆರಡಕ್ಕೂ ಒಂದು ಅಂಕ ಜಾಸ್ತಿ.

15 ಮತ್ತು ಮೇಲಿನದಕ್ಕೆ ಪೂರ್ತಿ ಪರೀಕ್ಷೆ, ಜೊತೆಗೆ ಲೆಕ್ಕದ ಭಾಗಕ್ಕೆ ಆಟೊಮೇಷನ್ (ಕಂಪ್ಯೂಟರೇ ಓಡಿಸುವ ಟೆಸ್ಟ್). 8ರಿಂದ 14ಕ್ಕೆ ಮುಖ್ಯ ದಾರಿ (ದಿನವೂ ನಡೆಯುವ ಸಾಮಾನ್ಯ ಕೆಲಸ) ಮತ್ತು ಗಡಿ ಮೌಲ್ಯಗಳು (ಮಿತಿಯ ಆಚೀಚಿನ ಅಂಕಿಗಳು). ಅದಕ್ಕಿಂತ ಕಡಿಮೆಯಾದರೆ ತೆರೆದು ನೋಡಿ, ಅಷ್ಟು ಸಾಕು. ಯಾವುದನ್ನು ಪರೀಕ್ಷಿಸಿಲ್ಲ ಎಂಬ ಪಟ್ಟಿಗೆ ಗ್ರಾಹಕರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

ಲೆಕ್ಕ_ಪಕ್ಕಾ:
ಲೆಕ್ಕದ ಭಾಗಕ್ಕೆ ಸೇರಿಸುತ್ತೇನೆ. ತೇವಾಂಶದ ಮಿತಿ ಶೇ. 14 ಎಂದಿಟ್ಟುಕೊಂಡರೆ 13.9, 14.0, 14.1 ಮೂರನ್ನೂ ಹಾಕಿ ನೋಡಿ. 14.0ಕ್ಕೇ ಕಡಿತ ಉಂಟೋ ಇಲ್ಲವೋ ಅನ್ನುವುದನ್ನು ಡೆವಲಪರ್ ತೀರ್ಮಾನಿಸಬಾರದು, ವರ್ತಕರನ್ನು ಕೇಳಿ. ಖಾಲಿ, 0, ಮತ್ತು 140 (ಬಿಂದು ಮರೆತರೆ ಬರುವುದು ಇದೇ) ಕೂಡ ಬೇಕು.

ಆಮೇಲೆ ದಶಾಂಶ. ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳ ಫ್ಲೋಟ್‌ನಲ್ಲಿ (ದಶಾಂಶ ಸಂಖ್ಯೆಯನ್ನು ಅಂದಾಜಾಗಿ ಇಡುವ ವಿಧಾನ) 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ದುಡ್ಡನ್ನು ಪೈಸೆಯ ಪೂರ್ಣಾಂಕವಾಗಿ, ತೂಕವನ್ನು ಗ್ರಾಂನ ಪೂರ್ಣಾಂಕವಾಗಿ ಇಡಿ. ಎಲ್ಲಿ ರೌಂಡ್ ಮಾಡುತ್ತೀರಿ ಅನ್ನುವುದೂ ಬರೆದಿರಬೇಕು. 87 ಚೀಲ, ಒಟ್ಟು 5,263.5 ಕೆ.ಜಿ., ಚೀಲಕ್ಕೆ 0.6 ಕೆ.ಜಿ. ಕಳೆದರೆ ನಿವ್ವಳ 5,211.3 ಕೆ.ಜಿ. ಕ್ವಿಂಟಲ್‌ಗೆ 2,150 ರೂ. ದರದಲ್ಲಿ 1,12,042.95 ರೂ. ಕ್ವಿಂಟಲನ್ನು ಮೊದಲೇ 52.11ಕ್ಕೆ ಇಳಿಸಿ ಗುಣಿಸಿದರೆ 1,12,036.50. ಒಂದೇ ಪಟ್ಟಿಯಲ್ಲಿ 6.45 ರೂ. ರೈತರಿಗೆ ಖೋತಾ. ದಿನಕ್ಕೆ ನೂರಾರು ಪಟ್ಟಿ ಆಗುವ ಕಡೆ ಇದನ್ನು ಸಣ್ಣದು ಅನ್ನಬೇಡಿ.

ಕಾಟಾದ ಕೇಬಲ್ ಕಿತ್ತು ನೋಡುವುದು ಕಡ್ಡಾಯ. ಕಿತ್ತ ತಕ್ಷಣ ತೂಕದ ಜಾಗ ಖಾಲಿಯಾಗಬೇಕು. ಹಿಂದಿನ ರೀಡಿಂಗ್ ಹಾಗೇ ನಿಂತರೆ ಗುಮಾಸ್ತರು ಅದನ್ನೇ ಸೇವ್ ಮಾಡುತ್ತಾರೆ. ಚೀಲ ಅಲುಗಾಡುವಾಗಲೂ ಸೇವ್ ಬಟನ್ ಒತ್ತಿ ನೋಡಿ: ತೂಕ ನಿಂತಿಲ್ಲವಾದರೆ ಒಪ್ಪಿಕೊಳ್ಳಬಾರದು.

ಸರ್ವರ್_ಗೆಳೆಯ:
ಸಿಂಕ್ ವಿಷಯದಲ್ಲಿ ಅಪಾಯವಿರುವುದು ನೆಟ್ ಪೂರ್ತಿ ಇಲ್ಲದಾಗ ಅಲ್ಲ, ನಡುವೆ ಕಡಿದಾಗ. ಸರ್ವರ್ ಪಟ್ಟಿಯನ್ನು ಬರೆದುಕೊಂಡಿದೆ, ಆದರೆ ಉತ್ತರ ಅಂಗಡಿಗೆ ತಲುಪುವ ಮೊದಲೇ ಲೈನ್ ಹೋಯಿತು. ಅಂಗಡಿಯ ಕಂಪ್ಯೂಟರ್ ಮತ್ತೆ ಕಳಿಸುತ್ತದೆ, ಪಟ್ಟಿ ಎರಡಾಗುತ್ತದೆ. ಸರ್ವರ್‌ನಲ್ಲಿ ಬೇಕೆಂದೇ 30 ಸೆಕೆಂಡ್ ತಡಮಾಡಿ, ಆ ಹೊತ್ತಿನಲ್ಲಿ ವೈಫೈ ಆಫ್ ಮಾಡಿದರೆ ಇದನ್ನು ಮರುಸೃಷ್ಟಿಸಬಹುದು. ಪರಿಹಾರ: ಪ್ರತಿ ಪಟ್ಟಿಗೆ ಅಂಗಡಿಯಲ್ಲೇ ಒಂದು ಯುಯುಐಡಿ (ಬೇರೆಲ್ಲೂ ಮರುಕಳಿಸದ ಗುರುತು ಸಂಖ್ಯೆ) ಕೊಡಿ, ಡೇಟಾಬೇಸ್‌ನಲ್ಲಿ ಅದಕ್ಕೆ ಯುನೀಕ್ ನಿರ್ಬಂಧ (ಒಂದೇ ಗುರುತು ಎರಡು ಸಲ ಸೇರದಂತೆ ತಡೆ) ಹಾಕಿ. ಎರಡು ಕೌಂಟರ್ ಆಫ್‌ಲೈನ್ ಇದ್ದಾಗ ಪಟ್ಟಿ ಸಂಖ್ಯೆ ಒಂದೇ ಆಗದಂತೆ ಕೌಂಟರ್‌ಗೊಂದು ಸರಣಿ ಇರಲಿ.

ಹೆಸರಿನ ಹುಡುಕಾಟವನ್ನೂ ಬಿಡಬೇಡಿ. ನಿಮ್ಮ ಕಡೆ ಕೊಟ್ರೇಶ ಅನ್ನುವ ಹೆಸರು ಬಹಳ. ಅದರ ‘ಕೊ’ದಲ್ಲಿರುವ ಒಕಾರ ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇರಬಹುದು, ಎರಡು ಚಿಹ್ನೆಗಳಾಗಿಯೂ ಇರಬಹುದು. ಕಣ್ಣಿಗೆ ಒಂದೇ, ಹುಡುಕಿದರೆ ಸಿಗದು; ಒಬ್ಬರೇ ರೈತರಿಗೆ ಎರಡು ಖಾತೆ ತೆರೆಯುತ್ತವೆ. ಸೇವ್ ಮಾಡುವಾಗ ಮತ್ತು ಹುಡುಕುವಾಗ ಎರಡೂ ಕಡೆ ಎನ್‌ಎಫ್‌ಸಿಗೆ (ಇಂಥ ಅಕ್ಷರಗಳನ್ನು ಒಂದೇ ಚಿಹ್ನೆಯಾಗಿ ಇಡುವ ಯುನಿಕೋಡ್ ರೂಪ) ಬದಲಾಯಿಸಿ.

ದಾವಣಗೆರೆ_ಡೆವ್:
ತುಂಬಾ ಉಪಯೋಗವಾಯ್ತು. ಕೇಬಲ್ ಕೀಳುವ ಕೇಸ್ ನಮ್ಮ 240ರಲ್ಲೇ ಇರಲಿಲ್ಲ. ‘ಒಂದೂ ಬಗ್ ಇರಬಾರದು’ ಅನ್ನುವವರಿಗೆ ಏನು ಹೇಳೋದು?

ದುರ್ಗದ_ಟೆಸ್ಟರ್:
ಆ ಮಾತಿನ ಬದಲು ಅಳೆಯಬಹುದಾದ ಷರತ್ತು ಕೊಡ್ರಿ: ದುಡ್ಡು, ತೂಕಕ್ಕೆ ಸಂಬಂಧಿಸಿದ ಒಂದು ದೋಷವೂ ಬಾಕಿ ಇಲ್ಲ; 15 ಮತ್ತು ಮೇಲಿನ ಅಂಕದ ಎಲ್ಲಾ ಕೇಸ್ ಕೊನೆಯ ಬಿಲ್ಡ್‌ನಲ್ಲೇ (ಅಂಗಡಿಗೆ ಕೊಡುವ ಆವೃತ್ತಿಯಲ್ಲೇ) ಪಾಸ್; ಹಳೇ ಆವೃತ್ತಿಗೆ ಮರಳುವುದನ್ನು ಒಮ್ಮೆ ಮಾಡಿ ನೋಡಲಾಗಿದೆ. ಮೂರನೆಯದನ್ನು ತಂಡಗಳು ಬಿಟ್ಟುಬಿಡುತ್ತವೆ, ಅದು ದೊಡ್ಡ ತಪ್ಪು. ಎಲ್ಲಾ ಕಡೆ ಒಂದೇ ಆವೃತ್ತಿ ಇದೆಯೇ ಅನ್ನುವುದೂ ಅಷ್ಟೇ ಮುಖ್ಯ. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವ್ಯವಹಾರದ ನೈಟ್ ಕ್ಯಾಪಿಟಲ್ ಕಂಪನಿಯಲ್ಲಿ ಹೊಸ ಕೋಡ್ ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೋಗಿರಲಿಲ್ಲ. ಅಲ್ಲಿದ್ದ ಹಳೇ ಕೋಡ್ ಎದ್ದು ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಮಾಡಿತು. ನೀವೂ ಪ್ರತಿ ಕೌಂಟರ್‌ನ ಆವೃತ್ತಿ ಸಂಖ್ಯೆ ಸರ್ವರ್‌ನಲ್ಲಿ ಕಾಣುವಂತೆ ಮಾಡ್ರಿ. ಹಳೆಯದಿದ್ದರೆ ಸಿಂಕ್ ತಡೆಯಲಿ.

ಮೊದಲು ಒಂದೇ ಅಂಗಡಿಗೆ ಕೊಡಿ, ಆವಕ ಕಡಿಮೆ ಇರುವ ದಿನ. ಮೂರು ದಿನ ಕೈಬರಹದ ಪಟ್ಟಿಯೂ ನಡೆಯಲಿ, ಸಂಜೆ ಎರಡರ ಮೊತ್ತ ತಾಳೆ ನೋಡಿ. ಒಂದು ಪೈಸೆ ವ್ಯತ್ಯಾಸ ಬಂದರೂ ಎರಡನೇ ಅಂಗಡಿಗೆ ಹೋಗಬೇಡಿ. ರಿಸ್ಕ್ ಪಟ್ಟಿಯ ಪ್ರತಿ ಸಾಲಿನ ಎದುರು ಒಬ್ಬರ ಹೆಸರು, ಜೊತೆಗೆ ಯಾವ ಲಕ್ಷಣ ಕಂಡರೆ ಏನು ಮಾಡಬೇಕು ಅನ್ನುವುದೂ ಇರಲಿ. ಉದಾಹರಣೆಗೆ: ‘ಸಿಂಕ್ ಆಗದ ಪಟ್ಟಿ 50 ದಾಟಿದರೆ ಸರ್ವರ್ ನೋಡುವವರಿಗೆ ಫೋನ್, ಅರ್ಧ ಗಂಟೆಯಲ್ಲಿ ಸರಿಹೋಗದಿದ್ದರೆ ಕೈಬರಹಕ್ಕೆ.’ ಆ ಸಾಲನ್ನು ಪ್ರಿಂಟ್ ತೆಗೆದು ಕೌಂಟರ್ ಪಕ್ಕದ ಗೋಡೆಗೆ ಅಂಟಿಸಿ, ಗುಮಾಸ್ತರಿಗೆ ಓದಿ ಹೇಳಿ.