ಫಿಯೆಸ್ಟಾ 1.6ಗೆ ಎಕ್ಸಾಸ್ಟ್: ಹೈವೇಯಲ್ಲಿ ಗುಂಯ್ ಅನ್ನಬಾರದು, ಒತ್ತಿದಾಗ ಸದ್ದು ಬೇಕು

ಕಟಪಾಡಿ_ಫಿಯೆಸ್ಟಾ:

ಎಲ್ಲರಿಗೂ ನಮಸ್ಕಾರ. ನನ್ನದು ಹಳೆಯ ಫಿಯೆಸ್ಟಾ 1.6 ಎಸ್, ಪೆಟ್ರೋಲ್. ಬೈಕಂಪಾಡಿಯಲ್ಲಿ ಫ್ಯಾಬ್ರಿಕೇಶನ್ ಮಾಡುವ ಗೆಳೆಯನ ಜೊತೆ ಸೇರಿ ಒಂದು ಕ್ಯಾಟ್-ಬ್ಯಾಕ್ ಎಕ್ಸಾಸ್ಟ್ ಮಾಡಿದ್ದೇವೆ. ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಮುಟ್ಟಿಲ್ಲ, ಅದರ ಹಿಂದಿನದ್ದು ಮಾತ್ರ ಹೊಸದು. 2 ಇಂಚಿನ ಸ್ಟೇನ್‌ಲೆಸ್ ಪೈಪ್, ನಡುವೆ ಸಣ್ಣ ರೆಸೊನೇಟರ್ (ಕೆಲವು ಸ್ವರ ತಗ್ಗಿಸುವ ಡಬ್ಬಿ), ಹಿಂದೆ ಗ್ಲಾಸ್ ವೂಲ್ ತುಂಬಿದ, ಹೊಗೆ ನೇರ ಹಾದುಹೋಗುವ ಸ್ಟ್ರೇಟ್-ಥ್ರೂ ಮಫ್ಲರ್ (ಸೈಲೆನ್ಸರ್). ಸದ್ದು ಚೆನ್ನಾಗಿಯೇ ಬಂತು, ಚಾರ್ಮಾಡಿ ಹತ್ತುವಾಗ ಕೇಳಿದರೆ ಮೈ ಝುಂ ಅನ್ನುತ್ತದೆ.

ತೊಂದರೆ ಇರುವುದು ಹೈವೇಯಲ್ಲಿ. ಮಂಗಳೂರಿಂದ ಉಡುಪಿಗೆ 66ರಲ್ಲಿ ಟಾಪ್ ಗೇರಲ್ಲಿ ಆರಾಮಾಗಿ ಹೋಗುವಾಗ, 2,600ರಿಂದ 2,800 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತು) ನಡುವೆ ಒಳಗೆ ಒಂದೇ ಸಮನೆ ಗುಂಯ್ ಅಂತ ಹೊಡೆಯುತ್ತದೆ. ದೊಡ್ಡ ಸದ್ದು ಅಂತಲ್ಲ, ತಲೆಯನ್ನೇ ಒತ್ತಿ ಹಿಡಿದ ಹಾಗೆ. ಮುಲ್ಕಿ ಬರುವಷ್ಟರಲ್ಲಿ ಹೆಂಡತಿ ಕಿಟಕಿ ಇಳಿಸುತ್ತಾಳೆ. ಇಳಿಸಿದರೆ ಸ್ವಲ್ಪ ಕಡಿಮೆ ಆಗುತ್ತದೆ, ಯಾಕೆ ಅಂತ ಗೊತ್ತಿಲ್ಲ. 3,200 ದಾಟಿದರೆ ಮಾಯ.

ಇದು ಸರಿಯಾದರೆ ಬೇರೆಯವರ ಕಾರಿಗೂ ಮಾಡಿಕೊಡುವ ಯೋಚನೆ ಉಂಟು. ದೊಡ್ಡ ಮಫ್ಲರ್ ಹಾಕಬೇಕಾ, ಇನ್ನೊಂದು ಮಫ್ಲರ್ ಸೇರಿಸಬೇಕಾ, ಅಥವಾ ಪೈಪ್ ತೆರೆದು ಮುಚ್ಚುವ ವಾಲ್ವ್ ಇಡುವುದಾ?

ಸುರತ್ಕಲ್_ಮೆಕ್ಯಾನಿಕಲ್:

ದೊಡ್ಡ ಮಫ್ಲರಿಗೆ ಸುಮ್ನೆ ದುಡ್ಡು ಹಾಕಬೇಡಿ ಮಾರಾಯ್ರೆ. ಗ್ಲಾಸ್ ವೂಲ್ ಕಡಿಮೆ ಮಾಡುವುದು ಮೇಲಿನ ಕರಕರ ಸದ್ದನ್ನು. ನಿಮ್ಮನ್ನು ಕಾಡುತ್ತಿರುವುದು ತುಂಬಾ ಕೆಳಗಿನ ಒಂದೇ ಒಂದು ಸ್ವರ. ಲೆಕ್ಕ ಸುಲಭ. ನಾಲ್ಕು ಸಿಲಿಂಡರಿನ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಫೈರ್ ಆಗುತ್ತದೆ (ಒಳಗೆ ಪೆಟ್ರೋಲ್ ಉರಿಯುತ್ತದೆ). 2,700 ಆರ್‌ಪಿಎಂ ಅಂದರೆ ಸೆಕೆಂಡಿಗೆ 45 ಸುತ್ತು, ಅಂದರೆ ಸೆಕೆಂಡಿಗೆ 90 ಫೈರ್, 90 ಹರ್ಟ್ಜ್. ನಿಮ್ಮ ಕ್ಯಾಬಿನ್ ಒಳಗಿನ ಗಾಳಿಯೂ ಅದರ ಆಸುಪಾಸಿನಲ್ಲೇ ಮೊಳಗುತ್ತದೆ ಅಂತ ಕಾಣುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದ ಹಾಗೆ. ಕಿಟಕಿ ಇಳಿಸಿದಾಗ ಆ ಬಾಟಲಿಯೇ ಬದಲಾಗುತ್ತದೆ, ಅದಕ್ಕೇ ಸದ್ದು ತಗ್ಗುವುದು.

ಮೊದಲು ಖಚಿತ ಮಾಡಿಕೊಳ್ಳಿ. ಫೋನಿನಲ್ಲಿ ಸ್ಪೆಕ್ಟ್ರಮ್ (ಯಾವ ಹರ್ಟ್ಜ್‌ನಲ್ಲಿ ಎಷ್ಟು ಸದ್ದು) ತೋರಿಸುವ ಆ್ಯಪ್ ಹಾಕಿ, ಪಕ್ಕದಲ್ಲಿ ಕೂತವರು ಕಿವಿಯ ಮಟ್ಟಕ್ಕೆ ಹಿಡಿಯಲಿ. 2,700ರಲ್ಲೇ ಒಂದೇ ಸಮ ಓಡಿಸಿ ನೋಡಿ, 90ರ ಹತ್ತಿರ ಒಂದು ಗೋಪುರ ಎದ್ದಿರಬೇಕು. ಎದ್ದಿದ್ದರೆ ಅದೊಂದನ್ನು ಕೊಂದರೆ ಸಾಕು.

ಕೊಲ್ಲುವುದಕ್ಕೆ ಜೆ-ಪೈಪ್. ಮುಖ್ಯ ಪೈಪಿಗೆ ಒಂದು ಕವಲು ಪೈಪ್ ಬೆಸುಗೆ ಹಾಕಿ ಅದರ ತುದಿ ಮುಚ್ಚಿಬಿಡುವುದು, ಅಷ್ಟೇ. ಅಲೆ ಅದರೊಳಗೆ ಹೋಗಿ, ಮುಚ್ಚಿದ ತುದಿಗೆ ಹೊಡೆದು, ವಾಪಸ್ ಬರುವಾಗ ತಿರುಗುಮುರುಗು ಆಗಿರುತ್ತದೆ, ಮುಖ್ಯ ಪೈಪಿನ ಅಲೆಯನ್ನು ತಿಂದುಹಾಕುತ್ತದೆ. ಉದ್ದ ಬೇಕಾದ್ದು ಅಲೆಯ ಉದ್ದದ ಕಾಲು ಭಾಗ. 200 ಡಿಗ್ರಿ ಬಿಸಿಯ ಹೊಗೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 435 ಮೀಟರ್. ಅದನ್ನು 4 x 90ರಿಂದ ಭಾಗಿಸಿದರೆ 1.2 ಮೀಟರ್. ಕವಲು ಪೈಪಿನಲ್ಲಿ ಹೊಗೆ ಹರಿಯುವುದಿಲ್ಲ, ನಿಂತಿರುತ್ತದೆ, ಹಾಗಾಗಿ ಅಲ್ಲಿ ಬಿಸಿ ಕಡಿಮೆ. 100 ಡಿಗ್ರಿ ಅಂತ ಇಟ್ಟುಕೊಂಡರೆ 1.07 ಮೀಟರ್ ಬರುತ್ತದೆ. ನಿಮ್ಮ ಉತ್ತರ ಇವೆರಡರ ಮಧ್ಯೆ ಎಲ್ಲೋ ಉಂಟು.

ಇದರ ನಿಜವಾದ ಮಜಾ ಬೇರೆ. ಈ ಪೈಪ್ 90ಕ್ಕೆ ಕೆಲಸ ಮಾಡಿದರೆ ಆಮೇಲೆ ಕೆಲಸ ಮಾಡುವುದು ಅದರ ಮೂರು ಪಟ್ಟಿಗೆ, 270ಕ್ಕೆ. ಫೈರಿಂಗ್ ಅಲ್ಲಿಗೆ ಮುಟ್ಟಬೇಕಾದರೆ 8,100 ಆರ್‌ಪಿಎಂ ಬೇಕು, ಫಿಯೆಸ್ಟಾ ಅಲ್ಲಿಗೆ ಹೋಗುವುದೇ ಇಲ್ಲ. ಹೊಗೆಯ ದಾರಿಗೂ ಅಡ್ಡ ಇಲ್ಲ. ಹಾಗಾಗಿ ಘಾಟಿಯಲ್ಲಿ ನಿಮಗೆ ಇಷ್ಟವಾದ ಸದ್ದು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ಮಣಿಪಾಲ್_ಟಿಗ್:

ಮೇಲಿನ ಅಣ್ಣ ಹೇಳಿದ ಲೆಕ್ಕ ಸರಿ, ಆದರೆ ಕಾರಿನಡಿ ಮಲಗಿ ನೋಡಿದರೆ ಗೊತ್ತಾಗುತ್ತದೆ ಒಂದು ಮೀಟರ್ ಪೈಪಿಗೆ ಜಾಗ ಎಲ್ಲಿ ಅಂತ. ಬಗ್ಗಿಸಬಹುದು, ಮಡಚಬಹುದು, ತೊಂದರೆ ಇಲ್ಲ, ಉದ್ದ ನಡುಗೆರೆಯಲ್ಲಿ ಅಳೆಯಿರಿ. ಆದರೆ ಟಿಪ್ (ಪೈಪಿನ ಹೊರತುದಿ) ಹತ್ತಿರ ಕವಲು ಕೊಡಬೇಡಿ. ತೆರೆದ ಬಾಯಿಯ ಹತ್ತಿರ ಒತ್ತಡದ ಏರಿಳಿತವೇ ಕಡಿಮೆ, ಅಲ್ಲಿ ಅದಕ್ಕೆ ತಿನ್ನಲು ಏನೂ ಸಿಗುವುದಿಲ್ಲ. ಕವಲು ಪೈಪ್ ಮುಖ್ಯ ಪೈಪಿನಷ್ಟೇ ದಪ್ಪ ಇರಲಿ, ಸಣ್ಣದಾದರೆ ಅದು ಕೆಲಸ ಮಾಡುವ ಆರ್‌ಪಿಎಂ ವ್ಯಾಪ್ತಿ ಕಿರಿದಾಗುತ್ತದೆ.

ಮೊದಲ ದಿನವೇ ತುದಿಗೆ ವೆಲ್ಡ್ ಹಾಕಬೇಡಿ. ಒಳಗೆ ಜಾರುವ ಒಂದು ಮುಚ್ಚಳ, ಹೊರಗೆ ಕ್ಲಾಂಪ್. ಉದ್ದ ಜಾಸ್ತಿ ಇಟ್ಟು ಶುರು ಮಾಡಿ. ಅರ್ಧ ಗಂಟೆ ಓಡಿಸಿ ಪೈಪ್ ಪೂರ್ತಿ ಬಿಸಿಯಾದ ಮೇಲೆ ಆ್ಯಪ್ ನೋಡಿ, ಮುಚ್ಚಳ ಒಳಗೆ ತಳ್ಳಿ, ಮತ್ತೆ ಓಡಿಸಿ. ತಣ್ಣಗಿರುವಾಗ ಟ್ಯೂನ್ ಮಾಡಿದರೆ ಬಿಸಿಯಾದ ಮೇಲೆ ಮತ್ತೆ ಗುಂಯ್. ಇನ್ನೊಂದು, ಕವಲಿನ ಮುಚ್ಚಿದ ತುದಿ ಸ್ವಲ್ಪ ಮೇಲಿರಲಿ. ಇಲ್ಲದಿದ್ದರೆ ಹೊಗೆಯ ನೀರು ಅಲ್ಲೇ ನಿಂತು ತುಕ್ಕು ಹಿಡಿಯುತ್ತದೆ. ಆಫೀಸಿಗೆ ಹೋಗಿ ಬರುವಷ್ಟೇ ಓಡಿಸುವವರ ಪೈಪ್ ಒಣಗುವುದೇ ಇಲ್ಲ.

ಈ ಕಡೆ ಕಡಲ ಗಾಳಿ, ಮಳೆಗಾಲ. 409 ಗ್ರೇಡ್ ಸ್ಟೇನ್‌ಲೆಸ್ ಬೇಗ ಕಂದಾಗುತ್ತದೆ. 304 ತಗೊಳ್ಳಿ. ಅಂಗಡಿಯವರು ಆಯಸ್ಕಾಂತ ಅಂಟಿಸಿ ತೋರಿಸಿ, ನೋಡಿ ಅಂಟುವುದಿಲ್ಲ, 304 ಅನ್ನುತ್ತಾರೆ. 202 ಕೂಡ ಅಂಟುವುದಿಲ್ಲ ಅಲ್ವಾ! ನಿಕಲ್ ಕಡಿಮೆ, ಬೆಲೆ ಕಡಿಮೆ, ತುಕ್ಕು ಬೇಗ. ಬಿಲ್ಲಿನಲ್ಲಿ ಗ್ರೇಡ್ ಬರೆಸಿ, ಟೆಸ್ಟಿಂಗ್ ದ್ರಾವಣದ ಒಂದು ಹನಿ ಹಾಕಿ ನೋಡಿ. ವೆಲ್ಡ್ ಮಾಡುವಾಗ ಒಳಗಿಂದಲೂ ಆರ್ಗಾನ್ ಅನಿಲ ಬಿಡಿ, ಇಲ್ಲದಿದ್ದರೆ ಬೆಸುಗೆಯ ಹಿಂಬದಿ ಸುಟ್ಟ ಸಕ್ಕರೆ ಬಣ್ಣಕ್ಕೆ ಬಂದು ಅಲ್ಲಿಂದಲೇ ತುಕ್ಕು ಶುರು.

ಇದೆಲ್ಲಕ್ಕಿಂತ ಮೊದಲು ರಬ್ಬರ್ ಹ್ಯಾಂಗರ್ ನೋಡಿ. ಪೈಪ್ ಎಲ್ಲಾದರೂ ಕಾರಿನ ಮೈಗೆ ತಾಗುತ್ತಿದ್ದರೆ ಏನು ಮಾಡಿದರೂ ಗುಂಯ್ ಹೋಗುವುದಿಲ್ಲ.

ಕುಂದಾಪ್ರ_ಹುಡ್ಗ:

ವಾಲ್ವ್ ಬಗ್ಗೆ ಕೇಳಿದ್ದಿರಿ. ಮುಚ್ಚಿದಾಗ ಶಾಂತ, ತೆರೆದಾಗ ಗರ್ಜನೆ, ಹೇಳುವುದಕ್ಕೆ ಚಂದ. ಆದರೆ ಉಪ್ಪುಗಾಳಿಯಲ್ಲಿ ಚಿಟ್ಟೆ ವಾಲ್ವಿನ (ಪೈಪಿನೊಳಗೆ ತಿರುಗುವ ತಟ್ಟೆ) ಕಂಬಿ ಬಿಗಿದುಕೊಂಡರೆ ಅರ್ಧ ತೆರೆದಲ್ಲೇ ನಿಲ್ಲುತ್ತದೆ. ಬೇರೆಯವರ ಕಾರಿಗೆ ಮಾಡಿಕೊಡುವುದಾದರೆ ಅದರ ಸರ್ವೀಸ್ ತಲೆನೋವು ನಿಮ್ಮದೇ.

ಮಾರುವ ಯೋಚನೆ ಇದ್ದರೆ ಕಾನೂನು ಕೂಡ ನೋಡಿ. ಪ್ಯಾಸೆಂಜರ್ ಕಾರಿಗೆ ಪಾಸ್-ಬೈ (ಕಾರು ಮೈಕ್ ಎದುರು ಹಾದುಹೋಗುವ) ಪರೀಕ್ಷೆಯ ಮಿತಿ 74 ಡೆಸಿಬೆಲ್, ಮೈಕ್ 7.5 ಮೀಟರ್ ದೂರ ಇಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಅಳೆಯುವುದು. ಟಿಪ್ ಪಕ್ಕ ಫೋನ್ ಹಿಡಿದು ಬಂದ ಅಂಕಿಯನ್ನು ಅದಕ್ಕೆ ಹೋಲಿಸಬೇಡಿ. ಸದ್ದಿನ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2) ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಬೀಳಬಹುದು, ಲೈಸೆನ್ಸೂ ಮೂರು ತಿಂಗಳು ಹೋಗುತ್ತದೆ. ಒಳಗೆ ಕೂತವರಿಗೆ ಶಾಂತ ಅನಿಸಿದರೆ ಹೊರಗೂ ಶಾಂತ ಅಂತ ಅರ್ಥ ಅಲ್ಲ. ನಿಮ್ಮ ಜೆ-ಪೈಪ್ ಈ ವಿಷಯದಲ್ಲಿ ಏನೂ ಸಹಾಯ ಮಾಡುವುದಿಲ್ಲ, ಅದಕ್ಕೆ ಮಫ್ಲರೇ ಸರಿ ಇರಬೇಕು.

ಕಟಪಾಡಿ_ಫಿಯೆಸ್ಟಾ:

ಥ್ಯಾಂಕ್ಸ್ ಎಲ್ಲರಿಗೂ. ಹ್ಯಾಂಗರ್ ನೋಡಿದೆ, ಎಲ್ಲೂ ತಾಗುತ್ತಿಲ್ಲ. ಆ್ಯಪಿನಲ್ಲಿ 91ಕ್ಕೆ ಗೋಪುರ ಎದ್ದಿದೆ. ವಾಲ್ವ್ ಬೇಡ, ಜಾರುವ ಮುಚ್ಚಳದ ಜೆ-ಪೈಪ್ ಮಾಡುತ್ತೇವೆ. ಒಂದು ಸಂಶಯ: ಗೆಳೆಯನ ಪೋಲೋ 1.0 ಮೂರು ಸಿಲಿಂಡರ್, ಅದಕ್ಕೂ ಇದೇ ಉದ್ದ ನಡೆಯುತ್ತದಾ?

ಸುರತ್ಕಲ್_ಮೆಕ್ಯಾನಿಕಲ್:

ಇಲ್ಲ. ಮೂರು ಸಿಲಿಂಡರ್ ಒಂದು ಸುತ್ತಿಗೆ ಒಂದೂವರೆ ಸಲ ಫೈರ್ ಆಗುವುದು. ಅದೇ 2,700ರಲ್ಲಿ 67.5 ಹರ್ಟ್ಜ್, ಪೈಪ್ 1.4 ಮೀಟರಿನಿಂದ 1.6 ಮೀಟರ್ ಬೇಕಾಗುತ್ತದೆ. ಆದರೆ ಅದು ಟರ್ಬೋ ಇಂಜಿನ್ ಆಗಿದ್ದರೆ ಸ್ವಲ್ಪ ಸದ್ದನ್ನು ಟರ್ಬೋವೇ ನುಂಗುತ್ತದೆ, ಆ ಕಾರಿನಲ್ಲಿ ಗುಂಯ್ ಉಂಟೋ ಇಲ್ಲವೋ ಮೊದಲು ಅಳೆಯಿರಿ, ಆಮೇಲೆ ಪೈಪ್ ಕತ್ತರಿಸಿ.