ಕೈಗಾ ಶಟ್‌ಡೌನ್ ಕೆಲಸ: ಪರ್ಮಿಟ್, ಬ್ಯಾಡ್ಜ್ ಬಗ್ಗೆ

ಪ್ರಶ್ನೆ (ದಾವಣಗೆರೆ): ನಮ್ಮೂರಿನ ಫಿಟ್ಟರ್ ಹುಡುಗರು ಕೈಗಾ ಅಣುಸ್ಥಾವರಕ್ಕೆ ಶಟ್‌ಡೌನ್‌ನಲ್ಲಿ (ರಿಪೇರಿಗೆ ಯೂನಿಟ್ ನಿಲ್ಲಿಸಿದಾಗ) ವಾಲ್ವ್ ಕೆಲಸಕ್ಕೆ ಹೊರಟಿದ್ದಾರೆ. ಎದೆಗೆ ಟಿಎಲ್‌ಡಿ ಬ್ಯಾಡ್ಜ್ (ಮೈಗೆ ತಗಲಿದ ವಿಕಿರಣ ಅಳೆಯೋದು) ಇದ್ದರೂ ಮೂತ್ರದ ಸ್ಯಾಂಪಲ್ ಯಾಕೆ? ಪರ್ಮಿಟ್‌ನಲ್ಲಿ (ಕೆಲಸಕ್ಕೆ ಕೊಡೋ ಲಿಖಿತ ಅನುಮತಿ) ಏನು ನೋಡ್ಬೇಕು?

ಉತ್ತರ 1: ಅದು ಭಾರಜಲದ ರಿಯಾಕ್ಟರ್ ಸಾರ್, ಟ್ರಿಟಿಯಂ (ವಿಕಿರಣ ಸೂಸೋ ಹೈಡ್ರೋಜನ್) ಇದ್ದೇ ಇರುತ್ತೆ. ಅದರ ಬೀಟಾ ಕಿರಣದ ಶಕ್ತಿ ಹೆಚ್ಚೆಂದರೆ 18.6 ಕೆಇವಿ, ತೀರಾ ಕಡಿಮೆ; ಬ್ಯಾಡ್ಜ್‌ಗೆ ಗೊತ್ತೇ ಆಗಲ್ಲ. ಆವಿಯಾಗಿ ಉಸಿರಲ್ಲಿ, ಚರ್ಮದಲ್ಲಿ ಒಳಹೋಗಿದ್ದು ಮೂತ್ರದಲ್ಲಿ ಸಿಗುತ್ತೆ. ಮೈಗೆ ತಗಲೋ ವಿಕಿರಣದ ಮಿತಿ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್; ಯಾವ ವರ್ಷವೂ 30 ದಾಟಬಾರದು.

ಉತ್ತರ 2: ಪರ್ಮಿಟ್, ಟ್ಯಾಗ್ (ವಾಲ್ವ್ ತಿರುಗಿಸಬೇಡಿ ಅಂತ ಕಟ್ಟೋ ಚೀಟಿ), ವಾಲ್ವ್ ಪ್ಲೇಟ್ ಮೂರರ ನಂಬರೂ ತಾಳೆಯಾಗ್ಬೇಕು. ಪಕ್ಕದ ಯೂನಿಟ್‌ನ ವಾಲ್ವೂ ನೋಡೋಕೆ ಹಂಗೇ ಇರುತ್ತೆ, ಎಡವೋದು ಅಲ್ಲೇ. ಒತ್ತಡದ ಗೇಜ್ ಸೊನ್ನೆ ತೋರಿಸಿದ್ರೆ ಸಾಲದು; ಮುಳ್ಳು ಸಿಕ್ಕಿಕೊಂಡಿರಬಹುದು. ಲೈನ್‌ನ ಗಾಳಿ, ನೀರು ಹೊರಬಿಡೋ ವೆಂಟ್, ಡ್ರೈನ್ ತೆರೆದಿದ್ದನ್ನ ಕಣ್ಣಾರೆ ನೋಡಿ.

ಉತ್ತರ 3 (ಚಿತ್ರದುರ್ಗ): ಬಾಯಿಮಾತಲ್ಲಿ ‘ಮಾಡ್ರಿ’ ಅಂದ್ರೆ ಕೈ ಹಾಕಬ್ಯಾಡ್ರಿ. ಟ್ಯಾಗ್ ತೆಗೆಯೋದು ಪರ್ಮಿಟ್ ವಾಪಸಾದ ಮೇಲೆ, ಅದೂ ಸ್ಥಾವರ ನಡೆಸೋ ಆಪರೇಷನ್ನೋರೇ.